ಕೊಳಾಲದ ಒಂಟಿ ಸೀನು

ಮಧುಗಿರಿ ಪೇಟೆಯಲ್ಲಿ ಪಾತ್ರೆ ಅಂಗಡಿ ನಾಗಲಿಂಗಯ್ಯನ ಮೂಗಿಗೆ ಹೆದರದವರು ಇರಲಿಲ್ಲ. ಮನುಷ್ಯನೇನೋ ಒಳ್ಳೆಯವನೇ. ಯಾರಿಗೂ ಬಿರುಸಾಗಿ ಒಂದು ಮಾತು ಆಡಿದವನಲ್ಲ. ಆದರೆ ಸೀನುತ್ತಿದ್ದ. ಸೀನಿದರೂ ಚಿಂತೆಯಿರಲಿಲ್ಲ, ಲೋಕವೆಲ್ಲ ಸೀನುತ್ತದೆ. ಇವನು ಒಂದೇ ಒಂದು ಸೀನುತ್ತಿದ್ದ, ತಾಪತ್ರಯ ಅಲ್ಲಿತ್ತು. ಜೋಡಿ ಸೀನಾದರೆ ಶುಭ, ಹಿಡಿದ ಕೆಲಸ ಹೂವೆತ್ತಿದಂತೆ ಆಗುತ್ತದೆ. ಒಂಟಿ ಸೀನಾದರೆ ಹೊರಟವರು ನಿಲ್ಲಬೇಕು, ಕೂತು ನೀರು ಕುಡಿಯಬೇಕು, ಆಮೇಲೆ ಮನಸ್ಸಿದ್ದರೆ ಹೊರಡಬೇಕು. ಸರ್ಕಾರದ ಕಾನೂನನ್ನು ಮುರಿದವರು ನಮ್ಮ ಕಡೆ ಬೇಕಾದಷ್ಟು ಜನ ಸಿಗುತ್ತಾರೆ, ಈ ಕಾನೂನನ್ನು ಮುರಿದವರು ಸಿಗುವುದಿಲ್ಲ.

ಪಾತ್ರೆ ಅಂಗಡಿಗೆ ಬರುವವರಾದರೂ ಯಾರು? ಮದುವೆಗೆ ಹರಿವಾಣ ಬೇಕಾದವರು, ಗೃಹಪ್ರವೇಶಕ್ಕೆ ಹಾಲುಕ್ಕಿಸುವ ಪಾತ್ರೆ ಬೇಕಾದವರು. ಚೌಕಾಸಿ ಎಲ್ಲ ಮುಗಿದು ಇನ್ನೇನು ವ್ಯಾಪಾರ ಕುದುರಿತು ಎನ್ನುವಾಗ ನಾಗಲಿಂಗಯ್ಯನ ಮುಖ ಸೂರಿನ ಕಡೆ ಏಳುತ್ತಿತ್ತು. ಕಣ್ಣು ಮುಚ್ಚುತ್ತಿದ್ದವು. 'ಹಾ' ಎಂದು ಅವನು ಉಸಿರೆಳೆದುಕೊಳ್ಳುವುದನ್ನು ಕಂಡು ಗಿರಾಕಿಗಳು ಪಾತ್ರೆ ಕೆಳಗಿಟ್ಟು ಮನಸ್ಸಿನಲ್ಲೇ ಮನೆದೇವರನ್ನು ನೆನೆಯುತ್ತಿದ್ದರು. ಆಮೇಲೆ ಬರುವ ಸೀನಿಗೆ ಗೋಡೆಯ ಮೇಲೆ ಜೋಡಿಸಿದ ಸ್ಟೀಲ್ ಲೋಟಗಳೆಲ್ಲ ಕಿಣಿಕಿಣಿ ಎನ್ನುತ್ತಿದ್ದವು. ಗಿರಾಕಿಗಳು ಎದುರು ಅಂಗಡಿಯಲ್ಲಿ ನೀರು ಕುಡಿದು, ಅಲ್ಲೇ ಹರಿವಾಣವನ್ನೂ ಕೊಂಡು ಹೋಗುತ್ತಿದ್ದರು.

ಇದನ್ನು ನೋಡಿ ನೋಡಿ ಅತ್ತಿಗೆ ಕರಿಬಸಮ್ಮ ಮೈದುನನನ್ನು ಹಿಂದಿನ ಗೋಡೌನಿಗೆ ದಾಟಿಸಿ, ಗಲ್ಲಾದ ಮುಂದೆ ತಾನೇ ಕೂತುಬಿಟ್ಟಳು. ಅಣ್ಣನೊಬ್ಬ ಇದ್ದ. ಮನೆಯಲ್ಲಿ ಅವನ ಮಾತು ನಡೆಯುತ್ತಿರಲಿಲ್ಲ, ಆದ್ದರಿಂದ ಈ ಕಥೆಯಲ್ಲೂ ನಡೆಯುವುದಿಲ್ಲ. ನೆಂಟರ ಮದುವೆಗಳಲ್ಲಿ ನಾಗಲಿಂಗಯ್ಯನಿಗೆ ಜಾಗ ಕೈತೊಳೆಯುವ ನಲ್ಲಿಯ ಪಕ್ಕ. ಧಾರೆಯ ಹೊತ್ತಿಗೆ ಯಾರಾದರೊಬ್ಬರು ಬಂದು ಬಹಳ ಪ್ರೀತಿಯಿಂದ ಅವನನ್ನು ಕಾಫಿಗೆ ಹೊರಗೆ ಕರೆದುಕೊಂಡು ಹೋಗುತ್ತಿದ್ದರು. ಅವನು ಯಾರ ಧಾರೆಯನ್ನೂ ಕಣ್ಣಾರೆ ಕಂಡವನಲ್ಲ, ತನ್ನದನ್ನೂ ಸೇರಿಸಿ.

ತನ್ನದು ಆಗಬೇಕಾಗಿತ್ತು. ಮೀಸೆ ಇನ್ನೂ ಕಪ್ಪಾಗಿದ್ದ ಕಾಲದಲ್ಲಿ ಕೊರಟಗೆರೆ ತಾಲೂಕಿನ ಕೊಳಾಲಕ್ಕೆ ಹೆಣ್ಣು ನೋಡಲು ಹೋಗಿದ್ದರು. ಹುಡುಗಿ ಜ್ಯೋತಿಲಕ್ಷ್ಮಿ. ಉಪ್ಪಿಟ್ಟಿನ ತಟ್ಟೆ ಕೊಡುವಾಗ ಅವಳು ಒಂದು ಸಲ ತಲೆಯೆತ್ತಿ, ನಕ್ಕಳೋ ಇಲ್ಲವೋ ಎನ್ನುವ ಹಾಗೆ ನಕ್ಕು ಒಳಗೆ ಹೋದಳು. ನಾಗಲಿಂಗಯ್ಯನ ಕಥೆ ಅಲ್ಲಿಗೇ ಮುಗಿದಿತ್ತು. ಹಿರಿಯರು ಒಪ್ಪಿ, ಎಲೆ ಅಡಿಕೆಯ ತಟ್ಟೆ ಬದಲಾಯಿಸಿಕೊಳ್ಳಲು ಎದ್ದು ನಿಂತರು. ಅದೇ ಹೊತ್ತಿಗೆ ಒಳಗೆ ಯಾರೋ ಸಾರಿಗೆ ಒಗ್ಗರಣೆ ಹಾಕಿ ಒಣಮೆಣಸಿನಕಾಯಿ ಸೀಯಿಸಿದರು. ಘಾಟು ನಡುಮನೆಗೆ ಬಂತು. ನಾಗಲಿಂಗಯ್ಯ ಸೀನಿದ. ಎರಡನೆಯದಕ್ಕೆ ಇಡೀ ಮನೆ ಉಸಿರು ಬಿಗಿಹಿಡಿದು ಕಾಯಿತು. ಅವನೂ ಮುಖ ಮೇಲೆತ್ತಿಕೊಂಡು ಕಾದ. ಬರಲಿಲ್ಲ. ಆಗಿನ್ನೂ ಹೊಸ ಸೊಸೆಯಾಗಿದ್ದ ಕರಿಬಸಮ್ಮ ಎಲ್ಲರಿಗಿಂತ ಮೊದಲು ಸೆರಗು ಸರಿಮಾಡಿಕೊಂಡು ಎದ್ದಳು. ಹಿಂದೆಯೇ ಹಿರಿಯರು ಚಪ್ಪಲಿ ಹುಡುಕತೊಡಗಿದರು.

ಆಮೇಲೂ ಅಲ್ಲಿ ಇಲ್ಲಿ ಹೆಣ್ಣು ನೋಡಿದರು. ನಾಗಲಿಂಗಯ್ಯ ನೋಡಲಿಲ್ಲ, ಬರೀ ಉಪ್ಪಿಟ್ಟು ತಿಂದು ಬಂದ. ಗೋಡೌನಿನಲ್ಲಿ ಕೂತಾಗ ಹಿಂದಿನ ಬೀದಿಯಿಂದ ಒಗ್ಗರಣೆಯ ಘಾಟು ಬಂದರೆ ಅವನಿಗೆ ಮೂಗಿನ ಜೊತೆಗೆ ಎದೆಯೂ ತುಂಬಿಕೊಳ್ಳುತ್ತಿತ್ತು. ಕೊಳಾಲ ಎಷ್ಟು ದೂರ? ಕೊರಟಗೆರೆಗೆ ಹೋಗಿ ಇನ್ನೊಂದು ಬಸ್ಸು ಹತ್ತಿದರೆ ಬಂತು. ಅವನು ಒಂದು ದಿನವೂ ಹೋಗಲಿಲ್ಲ.

ಈಚೆಗೆ ಅಣ್ಣನ ಮಗ ಹಾಲೇಶನಿಗೆ ಹೆಣ್ಣು ಗೊತ್ತಾಯಿತು. ಚಿಕ್ಕಪ್ಪನೇ ಮುಂದೆ ನಿಂತು ನಿಶ್ಚಿತಾರ್ಥದ ತಟ್ಟೆ ಹಿಡಿಯಬೇಕು ಎಂದು ಹುಡುಗ ಹಟ ಹಿಡಿದ. ಕರಿಬಸಮ್ಮ ಚುಟುಕಾಗಿ ತೀರ್ಪು ಕೊಟ್ಟಳು. "ಮೂಗು ರಿಪೇರಿ ಆದ್ರೆ ಬರ್ಲಿ, ಇಲ್ದಿದ್ರೆ ಗೋಡೌನ್ ಕಾಯ್ಕಂಡಿರ್ಲಿ."

ಹಾಲೇಶ ಮೊಬೈಲಿನಲ್ಲಿ ಹುಡುಕಿದ. ಶಿರಾದ ಒಂದು ಕಿವಿ ಮೂಗು ಗಂಟಲು ಆಸ್ಪತ್ರೆಯಲ್ಲಿ ಇಂಥ ಮೂಗಿಗೇ ಹೊಸ ಔಷಧಿಯೊಂದರ ಪರೀಕ್ಷೆ ನಡೆಯುತ್ತಿತ್ತು. ಚಿಕ್ಕಪ್ಪನನ್ನು ಅಲ್ಲಿಗೆ ಅಟ್ಟಿದ. ಡಾಕ್ಟರ್ ಅಂಬರೀಶ್ ಮೊದಲು ನಾಗಲಿಂಗಯ್ಯನ ತೋಳಿಗೆ ಸಾಲಾಗಿ ಸೂಜಿ ಚುಚ್ಚಿ ಕಾದು ನೋಡಿದರು. ಧೂಳು, ಬೆಕ್ಕು, ಪಾರ್ಥೇನಿಯಂ, ಯಾವುದಕ್ಕೂ ಅವನ ಚರ್ಮ ಜಗ್ಗಲಿಲ್ಲ. ಇದು ಅಲರ್ಜಿಯಲ್ಲ, ಚಳಿಗಾಳಿ, ಘಾಟು, ಊದುಬತ್ತಿಯ ಹೊಗೆ ತಗುಲಿದರೆ ಮೂಗಿನೊಳಗಿನ ನರಗಳು ಸುಮ್ಮಸುಮ್ಮನೆ ಮುನಿಸಿಕೊಳ್ಳುತ್ತವೆ, ಇದಕ್ಕೆ ಅಲರ್ಜಿಯೇತರ ನಾಸಿಕ ಉರಿಯೂತ ಎನ್ನುತ್ತಾರೆ ಎಂದು ವಿವರಿಸಿದರು. ಅರ್ಧ ಜನಕ್ಕೆ ಔಷಧಿಯ ಸ್ಪ್ರೇ ಕೊಡುತ್ತೇವೆ, ಅರ್ಧ ಜನಕ್ಕೆ ಬರೀ ಉಪ್ಪುನೀರಿನದು, ಯಾರಿಗೆ ಯಾವುದೆಂದು ನಿಮಗೂ ಗೊತ್ತಾಗುವುದಿಲ್ಲ, ನನಗೂ ಗೊತ್ತಾಗುವುದಿಲ್ಲ ಎಂದರು. ನಾಗಲಿಂಗಯ್ಯ ತಲೆಯಾಡಿಸಿದ. ದೊಡ್ಡ ಮನುಷ್ಯರು, ಗೊತ್ತಿದ್ದೂ ಸಂಕೋಚಕ್ಕೆ ಹೇಳುತ್ತಿಲ್ಲ ಎಂದುಕೊಂಡ.

ಅಂದಿನಿಂದ ಅವನ ನಡಿಗೆಯೇ ಬದಲಾಯಿತು. ಮೂಗು ಸೋರುತ್ತದೆ ಎನ್ನುವವನಿಗೆ ಯಾರೂ ಕುರ್ಚಿ ಕೊಡುವುದಿಲ್ಲ. 'ಅಲರ್ಜಿಯೇತರ ನಾಸಿಕ ಉರಿಯೂತ, ನನ್ನ ಮೇಲೆ ಪ್ರಯೋಗ ನಡೀತಾ ಐತೆ' ಎಂದಾಗ ಹೋಟೆಲಿನ ಬೆಂಚಿನಲ್ಲಿ ಜನ ಸರಿದು ಜಾಗ ಬಿಟ್ಟರು. ಗೌರವಕ್ಕೆ ಸರಿದರೋ ಕಾಯಿಲೆ ಅಂಟೀತೆಂದು ಸರಿದರೋ ಅವನು ವಿಚಾರಿಸಲು ಹೋಗಲಿಲ್ಲ.

ಎರಡನೆಯ ಸಲ ಶಿರಾಕ್ಕೆ ಹೋದಾಗ ಪರೀಕ್ಷೆಯ ಉಸ್ತುವಾರಿ ನೋಡುತ್ತಿದ್ದ ಲೋಹಿತಾ ಎಂಬ ಹುಡುಗಿ ಬಾಗಿಲಲ್ಲಿ ನಿಂತು ಹೆಸರು ಕೂಗಿದಳು. "ಜ್ಯೋತಿಲಕ್ಷ್ಮಿ, ಕೊಳಾಲ."

ಮೂಲೆಯ ಕುರ್ಚಿಯಿಂದ ಒಬ್ಬ ಹೆಂಗಸು ಕರ್ಚೀಫಿನಲ್ಲಿ ಮೂಗು ಒತ್ತಿಕೊಳ್ಳುತ್ತ ಎದ್ದರು. ಕನ್ನಡಕ ಬಂದಿತ್ತು, ಕಿವಿಯ ಮೇಲೆ ಬೆಳ್ಳಗಾಗಿತ್ತು. ಹೋಗುವಾಗ ಇವನ ಕಡೆ ನೋಡಿ, ನಕ್ಕರೋ ಇಲ್ಲವೋ ಎನ್ನುವ ಹಾಗೆ ನಕ್ಕರು. ನಾಗಲಿಂಗಯ್ಯನಿಗೆ ತನ್ನ ಹೆಸರು ಕೂಗಿದ್ದೂ ಕೇಳಿಸಲಿಲ್ಲ. ಲೋಹಿತಾ ಬಂದು ಭುಜ ಅಲುಗಿಸಬೇಕಾಯಿತು.

ವಾರಕ್ಕೊಂದು ದಿನ ಬರಬೇಕಾಗಿತ್ತು. ಶಿರಾದಿಂದ ಮಧುಗಿರಿ ಮೇಲೆ ಕೊರಟಗೆರೆಗೆ ಹೋಗುವುದು ಒಂದೇ ಬಸ್ಸು. ಜ್ಯೋತಿಲಕ್ಷ್ಮಿ ಮುಂದೆ ಹೆಂಗಸರ ಸೀಟಿನಲ್ಲಿ, ಅವನು ಅದರ ಹಿಂದೆ. ಅವರು ಮಾತಾಡಿದ್ದೆಲ್ಲ ಮೂಗಿನ ವಿಷಯ. ನಿಮಗೆ ಊದುಬತ್ತಿ ಆಗುತ್ತಾ? ಕರ್ಪೂರ? ಸೀದ ಮೆಣಸಿನಕಾಯಿ? ಒಬ್ಬರಿಗೆ ಆಗದ್ದು ಇನ್ನೊಬ್ಬರಿಗೂ ಆಗುತ್ತಿರಲಿಲ್ಲ. ಜಾತಕ ನೋಡಿದ್ದರೂ ಇಷ್ಟು ಕೂಡಿಬರುತ್ತಿರಲಿಲ್ಲವೇನೋ. ಚಳಿಗಾಳಿ ಬೀಸಿದರೆ ಇಬ್ಬರ ಕೈಗಳೂ ಒಟ್ಟಿಗೇ ಕಿಟಕಿಗೆ ಹೋಗುತ್ತಿದ್ದವು. ಕೊಳಾಲದ ಹೈಸ್ಕೂಲಿನಲ್ಲಿ ಟೀಚರ್ ಎಂದರು. ಅವ್ವನಿಗೆ ಕಾಲು ಸ್ವಾಧೀನ ತಪ್ಪಿ ಬಹಳ ವರ್ಷ ನೋಡಿಕೊಳ್ಳಬೇಕಾಯಿತು, ಅವ್ವ ಹೋದರು, ನಾನು ಹಾಗೇ ಉಳಿದೆ ಎಂದರು. ಅಷ್ಟು ಹೇಳಿ ಕಿಟಕಿಯಾಚೆ ನೋಡಿದರು. ಹೆಣ್ಣು ನೋಡಲು ಬಂದವನು ನಾನೇ ಎಂಬುದು ಇವರಿಗೆ ನೆನಪಿದೆಯೇ ಎಂದು ಕೇಳಲು ಅವನ ಬಾಯಿ ತೆರೆಯುವಷ್ಟರಲ್ಲಿ ಮಧುಗಿರಿ ಬಂದುಬಿಡುತ್ತಿತ್ತು. ಅವನು ಇಳಿಯುತ್ತಿದ್ದ. ಬಸ್ಸು ಅವರನ್ನು ಕೊರಟಗೆರೆ ಕಡೆಗೆ ಕರೆದುಕೊಂಡು ಹೋಗುತ್ತಿತ್ತು. ಅದು ತಿರುವು ದಾಟುವ ತನಕ ನಿಂತು ನೋಡಿ, ಮುಂದಿನ ವಾರಕ್ಕೆ ಇನ್ನೂ ಎಷ್ಟು ದಿನವೆಂದು ಲೆಕ್ಕ ಹಾಕುತ್ತ ಅವನು ಅಂಗಡಿಗೆ ಬರುತ್ತಿದ್ದ.

ಇಂಥ ಹೊತ್ತಿನಲ್ಲಿ ಒಂದು ಅನಾಹುತವಾಯಿತು. ಅವನ ಮೂಗು ವಾಸಿಯಾಯಿತು.

ಸ್ಪ್ರೇಯ ಗುಣವೋ ಬಸ್ಸಿನ ಗುಣವೋ, ಗೋಡೌನಿನಲ್ಲಿ ಕೂತರೆ ಸೀನೇ ಬರುತ್ತಿರಲಿಲ್ಲ. ಅವನು ಖುಷಿಪಡಬೇಕು ಎನ್ನುವಷ್ಟರಲ್ಲಿ ಕದಿರಯ್ಯ ಅಡ್ಡ ಬಂದ. ಈತ ಪಾವಗಡದ ಕಡೆಯ ಕ್ಯಾತಗಾನಚೆರ್ಲುವಿನವನು. ಜಮೀನನ್ನು ಸೋಲಾರ್ ಪಾರ್ಕಿಗೆ ಕೊಟ್ಟ ಮೇಲೆ ಮಾಡಲು ಕೆಲಸವಿಲ್ಲದೆ, ಮೂಗಿಗೊಂದು ದಾರಿ ತೋರಿಸೋಣವೆಂದು ಪರೀಕ್ಷೆಗೆ ಸೇರಿದ್ದ. ತಿಳಿಯದ ವಿಷಯವನ್ನು ತಿಳಿದವರಿಗಿಂತ ಗಟ್ಟಿಯಾಗಿ ಹೇಳುವ ವಿದ್ಯೆ ಅವನಿಗೆ ಒಲಿದಿತ್ತು.

"ನಯಮೈತೆ ಪೊಮ್ಮಂಟಾರು, ಸ್ವಾಮಿ. ವಾಸಿ ಆದ್ರೆ ಹೋಗು ಅಂತಾರೆ. ವಾಸಿ ಆದೋರ್ನ ಇಟ್ಕಂಡು ಏನ್ ಮಾಡ್ತಾರೆ? ಹೆಸರು ಹೊಡೆದು ಮನೆಗೆ ಕಳಿಸ್ತಾರೆ."

ನಾಗಲಿಂಗಯ್ಯ ಲೆಕ್ಕ ಹಾಕಿದ. ಮನೆಗೆ ಕಳಿಸಿದರೆ ಶಿರಾ ಇಲ್ಲ, ಬಸ್ಸಿಲ್ಲ, ಕಿಟಕಿಯಿಲ್ಲ. ಲೋಹಿತಾಳನ್ನೋ ಡಾಕ್ಟರನ್ನೋ ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಅವನು ಕೇಳಲಿಲ್ಲ. ಕೇಳುವಂಥ ಮನುಷ್ಯನಾಗಿದ್ದರೆ ಕೊಳಾಲಕ್ಕೇ ಹೋಗಿ ಕೇಳಿರುತ್ತಿದ್ದ.

ಅವತ್ತಿನಿಂದ ಅವನು ಮನೆಯಲ್ಲಿ ವಾಸಿಯಾದವನು, ಆಸ್ಪತ್ರೆಯಲ್ಲಿ ಕಾಯಿಲೆಯವನು. ಮಧುಗಿರಿಯಲ್ಲಿ ಕರಿಬಸಮ್ಮ ಮೈದುನನನ್ನು ಗೋಡೌನಿನಿಂದ ಗಲ್ಲಾದ ಪಕ್ಕಕ್ಕೆ ಬಡ್ತಿ ಕೊಟ್ಟು ತಂದು ಕೂರಿಸಿದಳು. ಯಾರದೋ ನಾಮಕರಣದಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಹೇಳುವವರ ಪಕ್ಕದಲ್ಲೇ ಅವನನ್ನು ನಿಲ್ಲಿಸಿದರು. ಶುಕ್ರವಾರ ಹಾಲೇಶನ ತಟ್ಟೆ ಅವನೇ ಹಿಡಿಯುವುದೆಂದು ನಿಶ್ಚಯವಾಯಿತು. ಶಿರಾದಲ್ಲಿ ಅವನು ಕುರ್ಚಿಯಲ್ಲಿ ಕೂರುತ್ತಲೇ ಸೀನುತ್ತಿದ್ದ, ರಕ್ತದೊತ್ತಡ ನೋಡುವಾಗ ಸೀನುತ್ತಿದ್ದ. ದಿನಕ್ಕೆಷ್ಟು ಸೀನು ಎಂದು ಲೋಹಿತಾ ಕೇಳಿದರೆ ಅವಳ ಪೆನ್ನು ನಿಂತುಹೋಗುವಂಥ ಸಂಖ್ಯೆ ಹೇಳುತ್ತಿದ್ದ. ಅಷ್ಟು ಸೀನಿದ ಮನುಷ್ಯ ಊಟ ಮಾಡುವುದು ಯಾವಾಗ ಎಂದು ಅವಳಿಗೆ ಅನುಮಾನ ಬಂತು. ಔಷಧಿಯಿಂದಲೇ ಏನಾದರೂ ಕೆಡುಕಾಗುತ್ತಿರಬಹುದೆಂದು ಹೆದರಿ ಅವಳು ಮನೆಗೆ ಫೋನ್ ಮಾಡಿದಳು. ಫೋನ್ ಎತ್ತಿದವಳು ಕರಿಬಸಮ್ಮ.

ಮೈದುನನಿಗೆ ಸೀನು ವಿಪರೀತವಾಗಿದೆ ಎಂದು ಕೇಳಿ ಕರಿಬಸಮ್ಮ ಗಲ್ಲಾದ ಮೇಲೆ ಕೈಯೂರಿ ನಿಂತಳು. ಶುಕ್ರವಾರ ಹತ್ತಿರದಲ್ಲಿತ್ತು. ಈತ ಎಲ್ಲಿಯೋ ಬಚ್ಚಿಟ್ಟುಕೊಂಡು ಸೀನುತ್ತಿದ್ದಾನೆ, ತಟ್ಟೆ ಹಿಡಿದಾಗ ಒಟ್ಟಿಗೇ ಹೊರಗೆ ಬರುತ್ತದೆ ಎಂಬುದು ಅವಳ ಲೆಕ್ಕ. ಪಕ್ಕದ ಮನೆಯ ಮಹಾಲಕ್ಷ್ಮಮ್ಮನನ್ನು ಕರೆದಳು. ಇಬ್ಬರೂ ಸೇರಿ ಡಾಕ್ಟರ್ ಅಂಬರೀಶರ ಪರೀಕ್ಷೆ ಪರೀಕ್ಷೆಯೇ ಅಲ್ಲ ಎನ್ನುವಂಥ ಒಂದು ಪರೀಕ್ಷೆ ಏರ್ಪಡಿಸಿದರು.

ನಾಗಲಿಂಗಯ್ಯನನ್ನು ಅಂಗಳದಲ್ಲಿ ಮಣೆಯ ಮೇಲೆ ಕೂರಿಸಿದರು. ಮೊದಲು ಒಂದು ಕಟ್ಟು ಊದುಬತ್ತಿ ಹಚ್ಚಿದರು. ಆಮೇಲೆ ಫ್ರಿಜ್ಜಿನ ನೀರನ್ನು ತಲೆಗೆ ಸುರಿದರು. ಮಹಾಲಕ್ಷ್ಮಮ್ಮ ಗಂಡನ ನಶ್ಯದ ಡಬ್ಬಿ ತಂದು ಮೂಗಿನ ಕೆಳಗೆ ಹಿಡಿದಳು. ಕೊನೆಗೆ ಕೆಂಡದ ಮೇಲೆ ಒಂದು ಬೊಗಸೆ ಬ್ಯಾಡಗಿ ಮೆಣಸಿನಕಾಯಿ ಬಿತ್ತು. ನೋಡಲು ಬಂದ ಬೀದಿಯವರೆಲ್ಲ ಸೀನಿದರು. ಮಹಾಲಕ್ಷ್ಮಮ್ಮ ಸೀನಿ ಸೀನಿ ಗೋಡೆ ಹಿಡಿದುಕೊಂಡಳು. ತುಮಕೂರಿಗೆ ಹೊರಟಿದ್ದ ಒಬ್ಬರು ಯಾರದು ಒಂಟಿ, ಯಾರದು ಜೋಡಿ ಎಂದು ತಿಳಿಯದೆ ಬ್ಯಾಗು ಇಳಿಸಿ ಮನೆಯೊಳಗೆ ಹೋದರು. ಆ ಹೊಗೆಯ ನಡುವೆ ನಾಗಲಿಂಗಯ್ಯ ಒದ್ದೆ ತಲೆಯಲ್ಲಿ, ಕಣ್ಣಲ್ಲಿ ನೀರು ಸುರಿಸುತ್ತ, ಮೂಗು ಮಾತ್ರ ಒಣಗಿಸಿಕೊಂಡು ಕೂತಿದ್ದ. ಮೆಣಸಿನಕಾಯಿ ಘಾಟಿಗೆ ಅವನ ಮನಸ್ಸು ಕೊಳಾಲದ ನಡುಮನೆಗೆ ಹೋಗಿತ್ತು. ಅವತ್ತು ಹೀಗೇ ಸುಮ್ಮನಿದ್ದಿದ್ದರೆ ಏನಾಗುತ್ತಿತ್ತು ಮೂಗೇ ಎಂದು ಅವನು ಒಳಗೊಳಗೇ ಕೇಳುತ್ತಿದ್ದ.

ಕರಿಬಸಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ತೀರ್ಮಾನಕ್ಕೆ ಬಂದಳು. ಮೈದುನ ಸರಿಯಾಗಿದ್ದಾನೆ, ಡಾಕ್ಟರೇ ಸರಿಯಿಲ್ಲ. ಮಾರನೆಯ ದಿನ ಅವನ ಆಸ್ಪತ್ರೆಯ ದಿನ. ಡಾಕ್ಟರನ್ನು ವಿಚಾರಿಸಿಕೊಳ್ಳಲು ಅವಳೂ ಬಸ್ಸು ಹತ್ತಿದಳು.

ಆಸ್ಪತ್ರೆಯಲ್ಲಿ ಎಲ್ಲರ ಎದುರಿಗೇ ನ್ಯಾಯ ನಡೆಯಿತು. ನಮ್ಮ ಮೈದುನ ಸೀನುವುದಿಲ್ಲ ಎಂದು ಕರಿಬಸಮ್ಮ. ಲೆಕ್ಕವಿಲ್ಲದಷ್ಟು ಸೀನುತ್ತಾರೆ ಎಂದು ಲೋಹಿತಾ. ಮೂಲೆಯ ಕುರ್ಚಿಯಲ್ಲಿ ಜ್ಯೋತಿಲಕ್ಷ್ಮಿ ಕರ್ಚೀಫು ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದರು. ಸೀನಿದರೆ ಶುಕ್ರವಾರದ ತಟ್ಟೆ ಹೋಯಿತು, ಸೀನದಿದ್ದರೆ ಶಿರಾದ ಬಸ್ಸು ಹೋಯಿತು. ನಾಗಲಿಂಗಯ್ಯ ಒಮ್ಮೆ ಅತ್ತಿಗೆಯನ್ನು ನೋಡಿದ, ಒಮ್ಮೆ ಮೂಲೆಯ ಕುರ್ಚಿಯನ್ನು ನೋಡಿದ. ನೋಡಿ ಸೀನಿದ.

ಕರಿಬಸಮ್ಮ ತಲೆಯನ್ನು ಒಂದು ಕಡೆ ವಾಲಿಸಿ ಕೇಳಿದಳು. ತೂತಾದ ಪಾತ್ರೆಯನ್ನು ಬೆರಳಿನಿಂದ ತಟ್ಟಿಯೇ ಕಂಡುಹಿಡಿಯುವ ಹೆಂಗಸು ಅವಳು. "ಇದು ನಮ್ಮ ನಾಗಲಿಂಗನ ಸೀನಲ್ಲ," ಎಂದಳು. "ಬಾಯಲ್ಲಿ ಮಾಡಿದ್ದು."

ಡಾಕ್ಟರ್ ದೀಪ ಹಿಡಿದು ಮೂಗಿನೊಳಗೆ ನೋಡಿದರು. ಆರೋಗ್ಯವಂತರ ಮೂಗು ಹೇಗಿರಬೇಕೋ ಹಾಗಿತ್ತು. ಅವರು ಕೂಗಾಡಲಿಲ್ಲ, ಬಹಳ ಬೇಸರಪಟ್ಟುಕೊಂಡರು. ಇಲ್ಲಿ ಒಬ್ಬರು ಸುಳ್ಳು ಹೇಳಿದರೆ ನಾಳೆ ಔಷಧಿ ತೆಗೆದುಕೊಳ್ಳುವವರಿಗೆಲ್ಲ ಅದು ಮೋಸವಾಗುತ್ತದೆ, ನೀವು ಹೇಳಿದ್ದನ್ನು ನಾವು ನಂಬುವ ಹಾಗಿಲ್ಲ, ಇನ್ನು ಮುಂದೆ ಬರಬೇಡಿ ಎಂದರು. ಆಮೇಲೆ ಕೇಳಿದರು, ಯಾಕೆ ಹೀಗೆ ಮಾಡಿದಿರಿ?

ನಾಗಲಿಂಗಯ್ಯ ನೆಲ ನೋಡಿದ. "ವಾಸಿ ಆದ್ರೆ ಬರೋದು ನಿಂತೋಯ್ತದೆ ಅಂತ ಸಾರ್."

ಡಾಕ್ಟರಿಗೆ ಅರ್ಥವಾಗಲಿಲ್ಲ. ನಿಮಗೆ ಹಾಗೆಂದವರು ಯಾರು, ವಾಸಿಯಾದವರನ್ನೇ ಅಲ್ಲವೇ ನಾವು ಇನ್ನೂ ಆರು ತಿಂಗಳು ಕರೆಸಿಕೊಂಡು ನೋಡುವುದು, ಈಗ ಜ್ಯೋತಿಲಕ್ಷ್ಮಿ ಟೀಚರ್ ವಾಸಿಯಾದ ಮೇಲೂ ಬರುತ್ತಾರಲ್ಲ ಹಾಗೆ ಎಂದರು. ಕದಿರಯ್ಯ ಗೋಡೆಗೆ ಅಂಟಿಸಿದ್ದ ಕಿವಿಯ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ಆರು ತಿಂಗಳು. ಒಂದು ನಿಜ ಹೇಳಿದ್ದರೆ ಆರು ತಿಂಗಳ ಬಸ್ಸು ಅವನದಾಗುತ್ತಿತ್ತು. ಇನ್ನು ಆ ಬಸ್ಸಿನಲ್ಲಿ ಅವರೊಬ್ಬರೇ ಹೋಗುತ್ತಾರೆ, ಚಳಿಗಾಳಿ ಬಂದರೆ ಕಿಟಕಿಯನ್ನು ಅವರೊಬ್ಬರೇ ಮುಚ್ಚಿಕೊಳ್ಳುತ್ತಾರೆ. ನಾಗಲಿಂಗಯ್ಯನ ಮೂಗು ಮಾತ್ರ ಹಾಳಾದದ್ದು ಸಲೀಸಾಗಿ ಉಸಿರಾಡುತ್ತಿತ್ತು.

ವಾಪಸು ಬರುವಾಗ ಕರಿಬಸಮ್ಮ ಹೆಂಗಸರ ಸೀಟಿನಲ್ಲಿ ಟೀಚರ ಪಕ್ಕ ಕೂತಳು. ಯಾವ ಊರು, ಯಾರ ಮಗಳು ಎಂದು ಶುರುವಾದದ್ದು ಅವನಿಗೆ ಕೇಳಿಸಿತು. ಕೊಳಾಲ ಎಂದದ್ದೂ ಕೇಳಿಸಿತು. ಆಮೇಲೆ ಇಬ್ಬರ ದನಿಯೂ ತಗ್ಗಿತು. ಕರಿಬಸಮ್ಮ ಒಂದು ಸಲ ಹಿಂದೆ ತಿರುಗಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮತ್ತೆ ಮುಂದೆ ತಿರುಗಿದವಳು ಮಧುಗಿರಿ ತನಕ ಒಂದು ಮಾತೂ ಆಡಲಿಲ್ಲ. ಅವಳು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ಆ ದಾರಿಯ ಕಂಡಕ್ಟರುಗಳು ಯಾರೂ ನೋಡಿದವರಲ್ಲ.

ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರೂ ಇಳಿದರು. ಜ್ಯೋತಿಲಕ್ಷ್ಮಿ ಕಿಟಕಿಯ ಪಕ್ಕ ಕೂತೇ ಇದ್ದರು. ನಾಗಲಿಂಗಯ್ಯ ಕಿಟಕಿಯ ಕೆಳಗೆ ಬಂದು ನಿಂತ. ಹೇಳಬೇಕಾದ್ದೆಲ್ಲ ಬಾಯಿತುದಿಯಲ್ಲಿತ್ತು.

"ಕಿಟಕಿ ಮುಚ್ಕಳಿ ಟೀಚರೇ," ಎಂದ. "ಕೊರಟಗೆರೆ ತನಕ ಗಾಳಿ ಜಾಸ್ತಿ."

"ಹೂಂ," ಎಂದರು ಅವರು. ಕಿಟಕಿ ಮುಚ್ಚಲಿಲ್ಲ.

ಕಂಡಕ್ಟರ್ ಹತ್ತಿ ಬಾಗಿಲು ಎಳೆದುಕೊಂಡ. ಸೀಟಿ ಊದಲು ಬಾಯಿಗಿಟ್ಟ. ಬಸ್ಸು ನಡುಗಿತು. ನಾಗಲಿಂಗಯ್ಯನಿಗೆ ಕೊಳಾಲದ ನಡುಮನೆಯಿಂದ ಚಪ್ಪಲಿ ಹುಡುಕುತ್ತ ಹೊರಬಿದ್ದ ಜನರೆಲ್ಲ ಕಣ್ಣ ಮುಂದೆ ಬಂದರು. ಅವನು ಮುಖ ಮೇಲೆತ್ತಿದ, ಕಣ್ಣು ಮುಚ್ಚಿದ, ಉಸಿರೆಳೆದುಕೊಂಡ, ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವ ಹಾಗೆ ಸೀನಿದ. ಒಂದೇ ಒಂದು.

ಡ್ರೈವರ್ ಕೈ ಗೇರಿನ ಮೇಲೇ ನಿಂತಿತು. ಬಸ್ಸಿನಲ್ಲಿದ್ದವರೆಲ್ಲ ಕಿಟಕಿಯಿಂದ ತಲೆ ಹಾಕಿದರು. ಕರಿಬಸಮ್ಮ ಮೈದುನನನ್ನು ನೋಡಿದಳು. ಬಾಯಲ್ಲಿ ಮಾಡಿದ ಸೀನು ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಕಿಟಕಿಯನ್ನು ನೋಡಿದಳು. ಹೋಗಿ ಬಸ್ಸಿನ ಬಾಗಿಲು ತೆಗೆಸಿದಳು.

"ಒಂಟಿ ಸೀನು ಕಣಮ್ಮ. ಹೊರಡೋ ಹಂಗಿಲ್ಲ. ಇಳ್ಕಂಡ್ಬುಡಿ."

ಹೊತ್ತಾಗುತ್ತದೆ ಎಂದು ಕಂಡಕ್ಟರ್ ಗೊಣಗಿದ. ಒಳಗಿನ ಮುದುಕರೊಬ್ಬರು, ಇಳಿಯೋರು ಇಳಿದು ಕೂತು ನೀರು ಕುಡಿದು ಬರಲಿ, ಇದೆಲ್ಲ ಆಟವೇನಪ್ಪ ಎಂದು ಅವನನ್ನೇ ಗದರಿಸಿದರು. ಕೊನೆಗೆ ಜ್ಯೋತಿಲಕ್ಷ್ಮಿ ಬ್ಯಾಗು ಹಿಡಿದು ಇಳಿದರು. ಅವರು ಒಬ್ಬರು ಇಳಿದರೆ ಶಕುನ ತೀರಿತೆಂದು ಬಸ್ಸು ಹೊರಟೇಹೋಯಿತು. ಕೊರಟಗೆರೆಗೆ ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಮೂವರಲ್ಲಿ ಒಬ್ಬರೂ ಕೇಳಲಿಲ್ಲ.

ಸಿಮೆಂಟು ಬೆಂಚಿನ ಮೇಲೆ ಕೂತು ಜ್ಯೋತಿಲಕ್ಷ್ಮಿ ಕರಿಬಸಮ್ಮ ಕೊಟ್ಟ ನೀರು ಕುಡಿದರು. ಬಾಟಲಿಯ ಮುಚ್ಚಳ ತಿರುಗಿಸುತ್ತ ನಾಗಲಿಂಗಯ್ಯನ ಕಡೆ ನೋಡದೆ ಹೇಳಿದರು.

"ಅವತ್ತು ನಂಗೂ ಬಂದಿತ್ತು. ನೀವು ಸೀನಿದ ಹಿಂದೇನೇ, ಬಾಗಿಲ ಹಿಂದೆ ನಿಂತಿದ್ದೆ. ಅವ್ವ ಸೆರಗು ಮುದುರಿ ಮೂಗಿಗೆ ಒತ್ತಿ ಹಿಡಿದ್ಬುಟ್ರು. ನೋಡಕ್ಕೆ ಬಂದೋರ ಎದುರಿಗೆ ಹೆಣ್ಣು ಸೀನಬಾರದು ಅಂತ. ನೀವೆಲ್ಲ ಹೋದ ಮೇಲೇ ಬುಟ್ಟಿದ್ದು."

ನಾಗಲಿಂಗಯ್ಯ ಬೆಂಚಿನ ತುದಿಯಲ್ಲಿ ಕೂತುಬಿಟ್ಟ. ಎರಡನೆಯ ಸೀನು ಒಂದು ಸೆರಗಿನ ಹಿಂದೆ ಇಷ್ಟು ವರ್ಷ ಕೂತಿತ್ತಲ್ಲ ಎಂದು ಅವನ ಕಣ್ಣು ತುಂಬಿದವು. ಜ್ಯೋತಿಲಕ್ಷ್ಮಿ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. "ಇವತ್ತು ಹಿಡಿಯೋರು ಯಾರೂ ಇಲ್ಲ," ಎಂದರು. ಎಂದು, ಮುಖ ಮೇಲೆತ್ತಿ, ಕರ್ಚೀಫೂ ಅಡ್ಡ ಹಿಡಿಯದೆ ಸೀನಿದರು.

ಅದು ನಿಜವಾದದ್ದೋ ಅಲ್ಲವೋ ಡಾಕ್ಟರ್ ಅಂಬರೀಶರೇ ಹೇಳಬೇಕು. ಕರಿಬಸಮ್ಮ ತಲೆ ವಾಲಿಸಿ ಪರೀಕ್ಷೆ ಮಾಡಲಿಲ್ಲ. ಕೊಳಾಲದಲ್ಲಿ ಎಲ್ಲರಿಗಿಂತ ಮೊದಲು ಎದ್ದವಳು, ಇಲ್ಲೂ ಎಲ್ಲರಿಗಿಂತ ಮೊದಲು ಎದ್ದು, ಸೆರಗು ಸರಿಮಾಡಿಕೊಂಡು ಅಂಗಡಿಗೆ ಫೋನ್ ಹಚ್ಚಿದಳು. "ರೀ, ಶುಕ್ರವಾರಕ್ಕೆ ಹಾಲೇಶನ ತಟ್ಟೆಗೆ ಅಂತ ಒಂದು ಜೊತೆ ಹರಿವಾಣ ತೆಗ್ದಿಟ್ಟಿದ್ದೀರಲ್ಲ, ಇನ್ನೊಂದು ಜೊತೆ ತೆಗೀರಿ." ಆ ಕಡೆಯಿಂದ ಅಣ್ಣ, ಈ ಕಥೆಯಲ್ಲಿ ಮೊದಲ ಸಲ, ಯಾಕೆ ಎಂದು ಕೇಳಿದ.

"ಕೊಳಾಲದಲ್ಲಿ ಒಂದು ಅರ್ಧಕ್ಕೆ ನಿಂತಿತ್ತು," ಎಂದಳು ಕರಿಬಸಮ್ಮ.